ನಾನು ಯಾರ ಹರಕೆಯೂ ಅಲ್ಲ

ಬೆಳಗಾವಿಯಲ್ಲಿ ಹಾಸಿಗೆ ಹಿಡಿದ ಮುದುಕಿಯರಿಗಾಗಿ ನಮ್ಮ ಕಾನ್ವೆಂಟಿನವರು ನಡೆಸುವ ಒಂದು ಮನೆಯಿದೆ. ನಾನು ಅಲ್ಲಿ ಸಿಸ್ಟರ್, ಅಂದರೆ ಸನ್ಯಾಸಿನಿಯೂ ಹೌದು, ನರ್ಸೂ ಹೌದು. ಬೆಳಗಿನ ಪ್ರಾರ್ಥನೆ ಮುಗಿಸಿ ಮೈ ಒರೆಸುವ ಬಿಸಿನೀರು ಹಿಡಿದು ಹೊರಟರೆ ನನ್ನ ದಿನ ಶುರು. ಮಲಗಿ ಮಲಗಿ ಬೆನ್ನಿಗೆ ಆದ ಹುಣ್ಣು ತೊಳೆಯಬೇಕು, ಬೆಡ್‌ಪ್ಯಾನ್ ಇಡಬೇಕು, ಗಂಜಿ ಕುಡಿಸಬೇಕು, ಉಗುರು ಕತ್ತರಿಸಬೇಕು, ಬೈಸಿಕೊಳ್ಳಬೇಕು. ಬೈಸಿಕೊಳ್ಳುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು. ಶಹಾಪುರದ ಒಬ್ಬ ಅಜ್ಜಿ ಒಂದು ಕಾಲಕ್ಕೆ ಮಗ್ಗದ ಮನೆಯ ಯಜಮಾನಿ. ನಾನು ಸೀರೆ ಮಡಚಿದ್ದು ಸರಿಯಿಲ್ಲವೆಂದು ಈಗಲೂ ಕೈಗೆ ಹೊಡೆಯುತ್ತಾಳೆ.

ಈ ಅಜ್ಜಿಯರನ್ನು ನೋಡಲು ಬರುವ ಮಗಳು ಸೊಸೆಯಂದಿರು ಹೋಗುವ ಮುಂಚೆ ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಳ್ಳುತ್ತಾರೆ.

"ಸಿಸ್ಟರ್, ಒಂದ ಮಾತ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ ಮತ್ತ."

ಸಿಟ್ಟಾಗಬೇಡಿ ಎಂದು ಶುರುವಾಗುವ ಪ್ರಶ್ನೆಗೆ ಸಿಟ್ಟಾಗದೆ ಇರುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ. ಪ್ರಶ್ನೆ ಎಲ್ಲರದೂ ಒಂದೇ. ಇಷ್ಟು ಓದಿದ ಹುಡುಗಿ ನೀವು ಇದಕ್ಕೆ ಯಾಕೆ ಬಂದಿರಿ? ಉತ್ತರವನ್ನು ಅವರೇ ಮನೆಯಿಂದ ಕಟ್ಟಿಕೊಂಡು ಬಂದಿರುತ್ತಾರೆ. ಮನೆಯಲ್ಲಿ ಬಡತನವಿತ್ತು, ಇಲ್ಲವೇ ಗಂಡು ಸಿಗಲಿಲ್ಲ, ಇಲ್ಲವೇ ಯಾವನೋ ಕೈಕೊಟ್ಟ. ಒಬ್ಬಾಕೆ ಮರುಕದಿಂದ ನನ್ನ ತೋಳು ಸವರುತ್ತ, "ಯಾರ್ ಬಿಟ್ಟಾರ್ರಿ ನಿಮ್ಮನ್ನ ಇಲ್ಲೆ?" ಎಂದು ಕೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮರೆತುಹೋದ ಚೀಲದ ಬಗ್ಗೆ ವಿಚಾರಿಸಿದಂತಿತ್ತು.

ಯಾರೂ ಬಿಟ್ಟಿಲ್ಲ. ನಾನೇ ಬಂದೆ. ಈ ಮಾತು ಹೇಳುವ ಹಕ್ಕು ನನಗೆ ಪುಕ್ಕಟೆ ಸಿಗಲಿಲ್ಲ. ಅದಕ್ಕಾಗಿ ನಾನು ದೇವರ ಜೊತೆ ಜಗಳಾಡಲಿಲ್ಲ, ಅವ್ವನ ಜೊತೆ ಜಗಳಾಡಿದೆ. ದೇವರಾದರೆ ಇಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ. ಹಳಿಯ ಗುಂಟ ನಡೆದು ಬೋಲ್ಟು ಬಿಗಿಮಾಡುವ ಕೆಲಸ. ಗದಗದ ಕಡೆಯವನಿಗೆ ಖಾನಾಪುರದಾಚೆಯ ಕಾಡಿನ ಸ್ಟೇಷನ್ ಗುಂಜಿಗೆ ವರ್ಗವಾಗಿ, ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ಪೂಜೆಗೆ ಖಾನಾಪುರದ ಚರ್ಚಿಗೆ ಹೋಗುತ್ತಿದ್ದೆವು. ನನ್ನ ಓರಗೆಯ ಹುಡುಗಿಯರ ಕಿವಿಯಲ್ಲಿ ಬೆಂಡೋಲೆಯೋ ರಿಂಗೋ ಏನಾದರೊಂದು ಇರುತ್ತಿತ್ತು. ನನ್ನ ಕಿವಿಗೆ ತೂತೇ ಇರಲಿಲ್ಲ. ಯಾಕೆಂದು ಕೇಳಿದರೆ ಅವ್ವ ಒಮ್ಮೆ "ನಿನ್ನ ಮೈಗೆ ಆಗಿ ಬರಂಗಿಲ್ಲ, ಕೀವ ತುಂಬತಾವ" ಅನ್ನುತ್ತಿದ್ದಳು, ಇನ್ನೊಮ್ಮೆ "ದೊಡ್ಡಾಕ್ಯಾದಮ್ಯಾಲ ನೋಡೂಣು" ಅನ್ನುತ್ತಿದ್ದಳು. ವರ್ಷಕ್ಕೊಮ್ಮೆ ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ನನಗೊಂದು ತಿಳಿನೀಲಿ ಫ್ರಾಕು ಹೊಲಿಸುತ್ತಿದ್ದಳು. ನೀಲಿ ನನಗೆ ಒಪ್ಪುತ್ತದೆ ಎಂದೇ ನಾನು ತಿಳಿದಿದ್ದೆ.

ಪಿಯುಸಿಗೆ ಖಾನಾಪುರದ ಕಾಲೇಜು ಸೇರಿದಾಗ ಅಲ್ಲಿಯ ಒಬ್ಬ ಸಿಸ್ಟರ್ ಜೊತೆ ನನಗೆ ಗೆಳೆತನವಾಯಿತು. ಅವರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಬರುತ್ತಿದ್ದರು. ಒಂದು ಮಧ್ಯಾಹ್ನ ನಾನೂ ಹೋದೆ. ಹೆಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳ ಕಾಲು ಕೊಳೆತು ಹುಳ ಬಿದ್ದಿತ್ತು. ಸಿಸ್ಟರ್ ಚಿಮಟಿಗೆ ಹಿಡಿದು ಒಂದೊಂದೇ ಹುಳ ತೆಗೆಯುತ್ತ ಮುದುಕಿಯೊಂದಿಗೆ ಆ ವರ್ಷದ ಗೇರುಹಣ್ಣಿನ ವಿಷಯ ಮಾತಾಡುತ್ತಿದ್ದರು. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಬಂದಾಗ ಅವರು ತಲೆ ಎತ್ತದೆ, "ಮುಗೀತೇನು? ಹಂಗಾರ ಬಾ, ಹಿಮ್ಮಡ ಹಿಡಿ" ಎಂದರು.

ಹಿಡಿದೆ. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಜನರ ಕಾಲು ತೊಳೆಯುತ್ತಾರಲ್ಲ, ಆ ಕಾಲುಗಳನ್ನು ಜನ ಮನೆಯಲ್ಲೇ ಸೋಪು ಹಾಕಿ ತಿಕ್ಕಿಕೊಂಡು ಬಂದಿರುತ್ತಾರೆ. ಈ ಕಾಲನ್ನು ಯಾರೂ ತೊಳೆದಿರಲಿಲ್ಲ. ಅದು ನನ್ನ ಅಂಗೈಯಲ್ಲಿ ಬಿಸಿಯಾಗಿತ್ತು, ಹಗುರವಾಗಿತ್ತು. ಯೇಸುವಿನ ಕಾಲನ್ನೇ ಹಿಡಿದುಕೊಂಡಿದ್ದೇನೆ ಅನ್ನಿಸಿತು ಎಂದರೆ ನೀವು ನಗುತ್ತೀರಿ. ನಗಿ. ಅಂಥ ಸಂತೋಷ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ. ಗುಂಜಿಗೆ ಮರಳುವ ಗಾಡಿಯಲ್ಲಿ ಕೈ ವಾಸನೆ ಹೊಡೆಯುತ್ತಿತ್ತು, ನನಗೆ ಹಾಡಬೇಕೆನಿಸುತ್ತಿತ್ತು. ಜೀವನವಿಡೀ ಇದನ್ನೇ ಮಾಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ನರ್ಸಿಂಗ್ ಮುಗಿಸಿ ಕಾನ್ವೆಂಟ್ ಸೇರುತ್ತೇನೆಂದು ಮನೆಯಲ್ಲಿ ಹೇಳಿದಾಗ ಅಪ್ಪ ಅರ್ಧ ಊಟಕ್ಕೆ ಎದ್ದುಹೋದ. ಅವ್ವ ಮಾತ್ರ ಬೆಳಗಾವಿಯಿಂದ ಕುಂದಾ ತರಿಸಿ ಓಣಿಗೆಲ್ಲ ಹಂಚಿದಳು. ಮಗಳು ಮನೆ ಬಿಡುತ್ತೇನೆಂದರೆ ತಾಯಿ ಹೀಗೆ ಸಿಹಿ ಹಂಚುವುದೇ? ಅವಳು ಒಂದು ಹನಿ ಕಣ್ಣೀರು ಹಾಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಆದರೆ ನನಗೂ ಹೋಗುವ ಅವಸರವಿತ್ತು, ಹೆಚ್ಚು ಯೋಚಿಸಲಿಲ್ಲ.

ಕಾನ್ವೆಂಟಿನಲ್ಲಿ ಸೇರಿದ ಕೂಡಲೇ ಯಾರೂ ಸಿಸ್ಟರ್ ಆಗುವುದಿಲ್ಲ. ಕೆಲವು ವರ್ಷ ತರಬೇತಿ ಇರುತ್ತದೆ. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ತೊಡಬೇಕು. ನನ್ನ ವ್ರತಕ್ಕೆ ಮುಂಚೆ ನಮ್ಮ ಮುಖ್ಯಸ್ಥೆ ಅಪ್ಪ ಅವ್ವನನ್ನು ಮಾತಾಡಿಸಲು ಬೆಳಗಾವಿಗೆ ಕರೆಸಿದರು. ಅವರನ್ನು ನಾವು ಮದರ್ ಅನ್ನುತ್ತೇವೆ. ಮಂಗಳೂರು ಕಡೆಯವರು, ಮಾತು ಕಡಿಮೆ.

"ಮಗಳು ಇಲ್ಲಿ ಇರುವುದು ನಿಮಗೆ ಒಪ್ಪಿಗೆಯಾ?" ಎಂದು ಅವರು ಕೇಳಿದರು.

"ಒಪ್ಪಿಗಿ ಏನ್ ಕೇಳ್ತೀರಿ ಮದರ್," ಎಂದಳು ಅವ್ವ, ಸೆರಗು ಸರಿಮಾಡಿಕೊಂಡು. "ಆಕಿ ನಮ್ಮಾಕೀನ ಅಲ್ಲ. ಕೂಸಿದ್ದಾಗ ಮರಿಯಮ್ಮಗ ಬೇಡ್ಕೊಂಡ ಕೊಟ್ಟಬಿಟ್ಟೀನಿ."

ಆಮೇಲೆ ಅವ್ವ ಎಲ್ಲವನ್ನೂ ಹೇಳಿದಳು. ಗುಂಜಿಯ ಮಳೆಗಾಲ. ಹಳಿಯ ಮೇಲೆ ಮಣ್ಣು ಕುಸಿದು ಗಾಡಿ ಬಂದ್ ಆಗಿದ್ದವು. ತೊಟ್ಟಿಲ ಕೂಸಾಗಿದ್ದ ನನಗೆ ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಿತು. ಅವ್ವ ಮರಿಯಮ್ಮನ ಫೋಟೋದ ಮುಂದೆ ನನ್ನನ್ನು ಇಟ್ಟು, ಇದು ಉಳಿದರೆ ನಿನಗೇ ಕೊಡುತ್ತೇನೆ ಎಂದಳು. ನಾನು ಉಳಿದೆ.

"ಅದಕ್ಕ ಕಿವಿ ಸುದ್ದಾ ಚುಚ್ಚಿಸಿಲ್ರಿ," ಎಂದಳು ಅವ್ವ ಹೆಮ್ಮೆಯಿಂದ. "ಕೊಟ್ಟ ಮ್ಯಾಲ ಹೆಂಗಿತ್ತೋ ಹಂಗ ಒಪ್ಪಸಬೇಕಲ್ರಿ."

ಪಾಪ, ಅವಳು ನನ್ನ ಪರವಾಗಿ ಶಿಫಾರಸು ಮಾಡುತ್ತಿದ್ದೇನೆಂದು ತಿಳಿದಿದ್ದಳು. ಅಪ್ಪ ನೆಲ ನೋಡುತ್ತಿದ್ದ. ಅವನಿಗೆ ಮೊದಲೇ ಗೊತ್ತಿತ್ತು ಎಂದು ಅವನ ಮುಖವೇ ಹೇಳುತ್ತಿತ್ತು. ನನಗೆ ಮಾತ್ರ ಗೊತ್ತಿರಲಿಲ್ಲ. ನನ್ನ ಕಿವಿಗಳ ಕಥೆ, ಮರಿಯಮ್ಮನ ಸೆರಗಿನ ಬಣ್ಣದ ಆ ನೀಲಿ ಫ್ರಾಕಿನ ಕಥೆ, ಹಂಚಿದ ಕುಂದಾದ ಕಥೆ ನನಗೆ ತಿಳಿದದ್ದು ಆ ಕುರ್ಚಿಯಲ್ಲಿ ಕೂತಾಗ.

ಮರುದಿನ ಮದರ್ ಕರೆದು, "ಈ ವರ್ಷ ನಿನಗೆ ವ್ರತ ಇಲ್ಲ" ಎಂದರು.

"ಯಾಕ್ರಿ ಮದರ್? ನನ್ನದೇನ ತಪ್ಪೈತಿ?"

"ತಪ್ಪು ಏನಿಲ್ಲ. ವ್ರತ ತೊಡುವವಳು ಸ್ವಂತ ಮನಸ್ಸಿನಿಂದ ತೊಡಬೇಕು, ಇಲ್ಲದಿದ್ದರೆ ಅದು ವ್ರತವೇ ಅಲ್ಲ. ನಿನ್ನನ್ನು ತೊಟ್ಟಿಲಿನಿಂದ ಇದಕ್ಕಾಗಿಯೇ ಬೆಳೆಸಿದ್ದಾರೆ. ಇದರಲ್ಲಿ ನಿನ್ನ ಆಸೆ ಎಷ್ಟು, ನಿನ್ನ ತಾಯಿಯ ಭಯ ಎಷ್ಟು ಅಂತ ನನಗೆ ಗೊತ್ತಾಗುವುದಿಲ್ಲ. ನಿನಗೆ ಗೊತ್ತುಂಟಾ?"

"ಗೊತ್ತೈತ್ರಿ."

"ಇಷ್ಟು ಬೇಗ ಹೇಳಿಬಿಟ್ಟೆಯಲ್ಲ," ಎಂದರು ಮದರ್. "ಮನೆಗೆ ಹೋಗು. ನಿಧಾನವಾಗಿ ನೋಡಿಕೊಂಡು ಬಾ. ಬಾರದಿದ್ದರೂ ದೇವರೇನು ಸಿಟ್ಟಾಗುವುದಿಲ್ಲ."

ದೇವರ ಸಿಟ್ಟಿನ ಮಾತು ಬಿಡಿ, ನನ್ನ ಸಿಟ್ಟು ಆ ದಿನ ಕಾನ್ವೆಂಟಿನ ಗೋಡೆ ಒಡೆಯುವಷ್ಟಿತ್ತು. ಹುಳ ಬಿದ್ದ ಕಾಲು ಹಿಡಿದವಳು ನಾನು. ಆ ಸಂತೋಷ ಪಟ್ಟವಳು ನಾನು. ಈಗ ನೋಡಿದರೆ ಅದೆಲ್ಲ ಅವ್ವನ ಲೆಕ್ಕಕ್ಕೆ ಹೋಗಿಬಿಟ್ಟಿತ್ತು.

ಅಷ್ಟರಲ್ಲಿ ಅಪ್ಪ ನಿವೃತ್ತನಾಗಿ ಅವರಿಬ್ಬರೂ ಖಾನಾಪುರದಲ್ಲಿ ಮನೆ ಮಾಡಿದ್ದರು. ನಾನು ಟ್ರಂಕು ಹಿಡಿದು ಇಳಿದಾಗ ಓಣಿಯವರು "ವಾಪಸ್ ಕಳಿಸ್ಯಾರಂತ" ಎಂದು ನನಗೆ ಕೇಳಿಸುವಷ್ಟೇ ಮೆಲ್ಲಗೆ ಮಾತಾಡಿದರು. ಟ್ರಂಕು ಕೆಳಗಿಡುವ ಮೊದಲೇ ನಾನು ಅವ್ವನ ಮೇಲೆ ಹರಿಹಾಯ್ದೆ.

"ನಾ ಏನ್ ಬುಟ್ಟ್ಯಾಗಿನ ತೆಂಗಿನಕಾಯೇನ್ ಬೇ, ಒಯ್ದ ಒಡಸಾಕ? ನನ್ನ ಕೇಳಿದ್ದೇನು?"

"ತೊಟ್ಟಲದಾಗಿನ ಕೂಸಿನ್ನ ಏನಂತ ಕೇಳ್ಲಿ?" ಅವ್ವನೂ ಬಿಡುವವಳಲ್ಲ. "ನೀ ಇವತ್ತ ಇಲ್ಲಿ ನಿಂತ ಒದರಾಕ್ಹತ್ತೀಯಲ್ಲ, ಅದ ಹರಕಿಯಿಂದನ ಒದರಾಕ್ಹತ್ತೀದಿ."

ನಾನು ಇನ್ನೂ ಜೋರಾಗಿ ಕೂಗಿದೆ. ಜಗಳ ಹಲವು ದಿನ ನಡೆಯಿತು. ಕೊನೆಗೆ ನನಗೊಂದು ದಾರಿ ಹೊಳೆಯಿತು. ನಮ್ಮಲ್ಲಿ ಯಾರಾದರೂ ಖಾಸಗಿಯಾಗಿ ಹೊತ್ತ ಹರಕೆಯನ್ನು ಬಿಡಿಸುವ, ಇಲ್ಲವೇ ಬೇರೆ ಸೇವೆಗೆ ಬದಲಾಯಿಸುವ ಅಧಿಕಾರ ಊರ ಚರ್ಚಿನ ಫಾದರ್‌ಗೆ ಇದೆ. ಫಾದರ್ ಹತ್ತಿರ ಹೋಗಿ ಹರಕೆ ಬಿಡಿಸಿಕೊ ಎಂದೆ. ಅವ್ವ ಹೌಹಾರಿದಳು.

"ಕೊಟ್ಟ ಮಾತ ತಪ್ಪಿದ್ರ ಮರಿಯಮ್ಮ ಸುಮ್ನಿರ್ತಾಳೇನು? ನಿನಗೇನರ ಆದ್ರ?"

"ಆಕಿಗೆ ಇದ್ದಾಂವ ಒಬ್ಬ ಮಗ. ಅಂವನ್ನ ಶಿಲುಬಿಗೆ ಬಡದ್ರು, ಆಕಿ ನಿಂತ ನೋಡಿದ್ಲು. ಅಂಥಾಕಿ ಮಂದಿ ಮಕ್ಕಳ ಮ್ಯಾಲ ಸೇಡ ತೀರಸ್ಕೊಳ್ಳಾಕ ಬರ್ತಾಳಂತ ತಿಳದೀಯೇನು?"

ಅವ್ವ ರೊಟ್ಟಿ ಬಡಿಯತೊಡಗಿದಳು. ಹಿಟ್ಟು ಮುಗಿದ ಮೇಲೆ, "ಖರೇ ಐತಿ ನೀ ಅನ್ನೂದು," ಎಂದಳು. ಆ ಭಾನುವಾರ ಪೂಜೆ ಮುಗಿದ ಮೇಲೆ ಇಬ್ಬರೂ ಹೋಗಿ ಫಾದರ್ ಮುಂದೆ ನಿಂತೆವು. ವಯಸ್ಸಾದ ಫಾದರ್ ಎಲ್ಲ ಕೇಳಿಸಿಕೊಂಡು, ಅವ್ವನ ತಲೆಯ ಮೇಲೆ ಕೈಯಿಟ್ಟು, ಹರಕೆ ಬಿಡುಗಡೆಯಾಯಿತು ಎಂದರು. ಅದರ ಬದಲಿಗೆ ಪ್ರತಿ ಶುಕ್ರವಾರ ಓಣಿಯಲ್ಲಿ ಕಾಯಿಲೆ ಬಿದ್ದ ಯಾರಿಗಾದರೂ ಊಟ ಒಯ್ದು ಕೊಡಬೇಕೆಂದು ಹೇಳಿದರು.

"ಇಷ್ಟ ಏನ್ರಿ?" ಎಂದಳು ಅವ್ವ. ಒಂದು ಮಗಳ ಬದಲಿಗೆ ಒಂದು ಡಬ್ಬಿ ಊಟ ಅವಳಿಗೆ ಬಹಳ ಅಗ್ಗವೆನಿಸಿತ್ತು.

ಮುಂದಿನ ಕೆಲವು ತಿಂಗಳು ನನ್ನನ್ನು ಅವಳು ಕಾಯ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ನಾನು ಕೂತಲ್ಲಿ ಬಂದು ಹಣೆ ಮುಟ್ಟುತ್ತಿದ್ದಳು. ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ನಾನು ಸೀನಿದರೆ ಒಲೆ ಆರಿಸಿ ಓಡಿಬರುತ್ತಿದ್ದಳು. ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಳೆ ಬಂದ ದಿನ ಅವ್ವ ಟವೆಲ್ ಹಿಡಿದು ಬಸ್‌ಸ್ಟ್ಯಾಂಡಿಗೇ ಬಂದು ನಿಂತಿರುತ್ತಿದ್ದಳು. ಆ ವರ್ಷದ ಮಳೆಗಾಲ ಮುಗಿಯಿತು, ನನಗೆ ನೆಗಡಿ ಕೂಡ ಆಗಲಿಲ್ಲ. ಅವ್ವನ ಭಯ ಮೆಲ್ಲಗೆ ಇಳಿಯಿತು.

ಭಯ ಇಳಿದ ಜಾಗದಲ್ಲಿ ಏನು ಬಂದು ಕೂತಿತೆಂದು ನಾನು ಗಮನಿಸಬೇಕಿತ್ತು. ಅವ್ವ ನನ್ನ ತಲೆಗೆ ಎಣ್ಣೆ ಹಚ್ಚತೊಡಗಿದಳು. ಅಪ್ಪನಿಗೆ ಹೇಳದ ಮಾತುಗಳನ್ನು ನನಗೆ ಹೇಳತೊಡಗಿದಳು. ತೊಟ್ಟಿಲಿನಿಂದಲೇ ಬೇರೆಯವರ ಸೊತ್ತೆಂದು ದೂರವಿಟ್ಟುಕೊಂಡು ಬೆಳೆಸಿದ ಮಗಳನ್ನು ಅವಳು ಆಗ ಮೊದಲ ಸಲ ತನ್ನವಳೆಂದು ಎತ್ತಿಕೊಂಡಳು. ನನಗೂ ಅದು ಹಿತವಾಗಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಹಿತವಾಗಿತ್ತು.

ಒಂದು ದಿನ ನನ್ನನ್ನು ಶಹಾಪುರದ ಪತ್ತಾರನ ಅಂಗಡಿಗೆ ಕರೆದೊಯ್ದು ಕಿವಿ ಚುಚ್ಚಿಸಿದಳು. ಪತ್ತಾರ ಕನ್ನಡಕದ ಮೇಲಿಂದ ನೋಡಿ, "ಇಷ್ಟ ದೊಡ್ಡಾಕೀನೇನ್ರಿ?" ಎಂದು ಬೆರಗಾದ. ನಾನು ಬೇಡ ಅನ್ನಲಿಲ್ಲ. ಯಾರಿಗೋ ಒಪ್ಪಿಸಲು ಕಾಯ್ದಿಟ್ಟ ಕಿವಿಗಳು ನನಗೂ ಬೇಕಿರಲಿಲ್ಲ. ಚೆನ್ನಾಗಿಯೇ ನೋವಾಯಿತು.

ಕಿವಿಯ ಹಿಂದೆಯೇ ಗಂಡೂ ಬಂತು. ಬೆಳಗಾವಿ ಪಕ್ಕದ ಪೀರನವಾಡಿಯಲ್ಲಿ ಹೊಸ ಮನೆ ಕಟ್ಟಿಸಿದ್ದ, ಫೌಂಡ್ರಿಯಲ್ಲಿ ಪಗಾರದ ಕೆಲಸ, ನಮ್ಮ ಚರ್ಚಿನವನೇ. ಅವನು ಕೆಟ್ಟವನಾಗಿದ್ದರೆ ಕಥೆ ಸುಲಭವಿತ್ತು. ಒಳ್ಳೆಯವನಿದ್ದ. ಅವನ ಮನೆ ನೋಡಲು ಹೋದಾಗ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ಇಲ್ಲಿ ನಾನು ಇದ್ದರೆ ಹೇಗೆ ಎಂದು ಪ್ರಾಮಾಣಿಕವಾಗಿ ಕಲ್ಪಿಸಿಕೊಂಡೆ. ಚೆನ್ನಾಗಿಯೇ ಇರುತ್ತಿದ್ದೆ. ಮಕ್ಕಳು, ಭಾನುವಾರದ ಪೂಜೆ, ಅವ್ವ ಬಂದು ಹೋಗಿ ಮಾಡುವುದು, ಯಾವುದರಲ್ಲೂ ಕೊರತೆ ಕಾಣಲಿಲ್ಲ. ಮದರ್ ಕೇಳಿದ ಪ್ರಶ್ನೆಗೆ ಅಲ್ಲಿ ನಿಂತು ಉತ್ತರ ಹುಡುಕಿದೆ. ಈ ಸಲ ಬೇಗ ಹೇಳಲಿಲ್ಲ. ಇದು ಒಳ್ಳೆಯದು, ನನಗೆ ದಕ್ಕುವುದು, ಆದರೂ ನನಗೆ ಬೇಕಾದದ್ದು ಅದು. ಅಷ್ಟೇ. ಯಾರ ಭಯವೂ ಇಲ್ಲದೆ, ಯಾರ ಹರಕೆಯೂ ಇಲ್ಲದೆ ಆ ಕೊಳೆತ ಕಾಲು ಇನ್ನೂ ನನ್ನನ್ನು ಕರೆಯುತ್ತಿತ್ತು.

"ನಿಮಗ ಮನಸ್ಸೈತೇನ್ರಿ?" ಎಂದು ಅವನೇ ಕೇಳಿದ. ಇಲ್ಲ ಎಂದೆ. "ಹಂಗಾರ ನಾನ ಒಲ್ಲೆ ಅಂದೆ ಅಂತ ಹೇಳ್ತೇನಿ ಬಿಡ್ರಿ," ಎಂದ. ಅದಕ್ಕೂ ಬೇಡವೆಂದೆ. ಹೇಳಬೇಕಾದವಳು ನಾನು.

ಮನೆಗೆ ಬಂದು ಹೇಳಿದೆ. ಮತ್ತೆ ಕಾನ್ವೆಂಟಿಗೆ ಹೋಗುತ್ತೇನೆ ಎಂದೆ. ಅವ್ವ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟಳು.

"ಈಗ್ಯಾಕ? ಹರಕಿ ಮುಗದೈತಲ್ಲ. ಈಗ ನಿನ್ನ ಯಾರೂ ಕೇಳಾಕ್ಹತ್ತಿಲ್ಲ."

"ಅದಕ್ಕ ಹೊಂಟೀನಿ ಯವ್ವಾ. ಯಾರೂ ಕೇಳಾಕ್ಹತ್ತಿಲ್ಲ, ಅದಕ್ಕ."

ಅವ್ವ ಅತ್ತಳು. ಕುಂದಾ ಹಂಚಿದ ದಿನ ಅಳದೆ ಇದ್ದದ್ದನ್ನೂ ಸೇರಿಸಿ ಅತ್ತಳು. ನನ್ನ ಮೊಣಕಾಲು ಹಿಡಿದುಕೊಂಡು, "ಹೋಗಬ್ಯಾಡ. ನೀ ಈಗ ನನಗ ಸಿಕ್ಕೀದಿ," ಎಂದಳು. ಭಯದಿಂದ ಕೊಟ್ಟವಳ ಕೈಯಿಂದ ಬಿಡಿಸಿಕೊಂಡು ಹೋಗುವುದು ಸುಲಭ. ಪ್ರೀತಿಯಿಂದ ಹಿಡಿದವಳ ಬೆರಳು ಬಿಡಿಸುವುದು ಹೇಗೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ನಾನೂ ಕೂತು ಅತ್ತೆ. ಅತ್ತು ಮುಗಿಸಿ ಬಟ್ಟೆ ತುಂಬಿಕೊಂಡೆ. ಅಪ್ಪ ಒಬ್ಬನೇ ಬಸ್‌ಸ್ಟ್ಯಾಂಡಿಗೆ ಬಂದು, "ಆಕೀದು ನಾ ನೋಡ್ಕೊಂತೇನಿ, ನೀ ನಡಿ," ಎಂದ.

ಮದರ್ ನನ್ನ ಕಿವಿ ನೋಡಿದರು, ಮುಖ ನೋಡಿದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಹೆಚ್ಚೇನೂ ಕೇಳದೆ ಒಳಗೆ ಕರೆದುಕೊಂಡರು. ಮತ್ತೆ ತರಬೇತಿಯಾಗಿ ವ್ರತದ ದಿನ ಗೊತ್ತಾಯಿತು.

ವ್ರತ ತೊಡುವವಳನ್ನು ತಂದೆತಾಯಿ ಎರಡು ಬದಿಗೆ ನಿಂತು ಬಲಿಪೀಠದವರೆಗೆ ಕರೆತಂದು ಒಪ್ಪಿಸುವುದು ನಮ್ಮಲ್ಲಿ ರೂಢಿ. ಅವ್ವ ಬರುತ್ತಾಳೋ ಇಲ್ಲವೋ ಎಂದು ನಾನು ಹೆದರಿದ್ದೆ. ಬಂದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಅಪ್ಪನ ಬಾಜು ಕೂತಳು. ಹಾಡು ಶುರುವಾಗಿ ನಾನು ಬಾಗಿಲಲ್ಲಿ ನಿಂತಾಗ ಅಪ್ಪ ಅರ್ಧ ಎದ್ದ. ಅವ್ವ ಏಳಲಿಲ್ಲ. ವ್ಯವಸ್ಥೆ ನೋಡುತ್ತಿದ್ದ ಸಿಸ್ಟರ್ ಬಗ್ಗಿ, "ಏಳಿ ಅಮ್ಮಾ, ಮಗಳನ್ನ ಒಪ್ಪಿಸಬೇಕು," ಎಂದರು. ಹಾಡು ಒಂದು ಚರಣ ಮುಗಿದು ನಿಂತಿತ್ತು. ರೈಲಿನ ಸದ್ದಿನ ನಡುವೆ ಸಂಸಾರ ಮಾಡಿದ ಹೆಂಗಸು ಅವ್ವ, ಅವಳಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ.

"ನಾ ಒಪ್ಪಸಂಗಿಲ್ರಿ ಸಿಸ್ಟರ್. ನಾ ಕೊಟ್ಟಿದ್ದನ್ನ ವಾಪಸ್ ತೊಗೊಂಡೀನಿ. ಈಗ ಆಕಿ ತಾನ ಹೊಂಟಾಳ."

ಇಡೀ ಚರ್ಚು ತಿರುಗಿ ನೋಡಿತು. ಅಪ್ಪ ಮತ್ತೆ ಕೂತ. ಮುಂದೆ ನಿಂತಿದ್ದ ಮದರ್‌ಗೂ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ನಾನು ಒಬ್ಬಳೇ ನಡೆದೆ.